ನಡುವಿನ ಪೆಟ್ಟಿಗೆ

ಜೂನ್ 1, ಭಾನುವಾರ

ಈ ಮನೆಯಲ್ಲಿ ಒಂದು ಮಾತಾದರೂ ನೆಟ್ಟಗೆ ಹೋಗಿ ಸೇರಬೇಕಾದವರನ್ನು ಸೇರುತ್ತದೆಯೇ? ಇವತ್ತು ಭಾವ ಬಂದಿದ್ದರು. ಬೆಳಿಗ್ಗೆ ಬಂದವರು ಮಧ್ಯಾಹ್ನದವರೆಗೂ ಇದ್ದರು. ಅಷ್ಟು ಹೊತ್ತೂ ಅಪ್ಪ ಅವರ ಜೊತೆ ಆಡಿದ್ದೆಲ್ಲ ಎಡಗಡೆಯ ಸ್ಪೀಕರಿನ ವಿಷಯ.

ಅಕ್ಕ ಮನೆ ಬಿಟ್ಟು ಮೂರು ವರ್ಷವಾಯಿತು. ಮನೆಯ ಕೆಳಗಿನ ನಮ್ಮ ಕನ್ನಡಕದ ಅಂಗಡಿಯಲ್ಲಿ ಅವಳು ಅಪ್ಪನ ಬಲಗೈ ಆಗಿದ್ದಳು. ಗಿರಾಕಿಗೆ ಯಾವ ನಂಬರಿನ ಗಾಜು ಬೇಕೆಂದು ಅಪ್ಪನಿಗಿಂತ ಮೊದಲು ಹೇಳುತ್ತಿದ್ದಳು. ಎದುರಿನ ಕಟ್ಟಡದ ಲಿಫ್ಟ್ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ಜೊತೆ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿದಳು. ಅಪ್ಪನಿಗೆ ಹೇಳಿದ್ದು ಸಹಿ ಹಾಕಿದ ಮೇಲೆ. ಅಪ್ಪ ಬೈಯಲಿಲ್ಲ. "ಹೋಗ್ತಾ ಅಂಗಡಿ ಬೀಗದಕೈ ಇಟ್ಟು ಹೋಗು" ಅಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಮ್ಮ ಇದ್ದಿದ್ದರೆ ಏನಾದರೂ ಮಾಡುತ್ತಿದ್ದಳೇನೋ. ಅವಳು ತೀರಿಕೊಂಡಾಗ ನಾನು ಇನ್ನೂ ಚಡ್ಡಿ ಹಾಕಿಕೊಳ್ಳುವ ವಯಸ್ಸಿನವನು.

ಮದುವೆಯಾದ ಮರುವರ್ಷ ಭಾವ ಒಂದು ಭಾನುವಾರ ತಾವಾಗಿಯೇ ಬಂದು ಬಾಗಿಲಲ್ಲಿ ನಿಂತರು. ಏನು ಹೇಳಬೇಕೆಂದು ಬಂದಿದ್ದರೋ, ಬಾಯಿಂದ ಹೊರಡಲಿಲ್ಲ. ಒಳಗೆ ಅಪ್ಪ ಹಾಡು ಹಾಕಿದ್ದರು, ದನಿ ಕರಕರ ಅನ್ನುತ್ತಿತ್ತು. "ಗುಂಡಿ ಒಳಗೆ ಧೂಳು ಕೂತಿದೆ" ಅಂದರು ಭಾವ. ಅಪ್ಪ "ಸ್ಕ್ರೂಡ್ರೈವರ್ ಇದೆಯಾ?" ಅಂದರು. ಅಲ್ಲಿಂದ ಶುರುವಾದದ್ದು, ಪ್ರತಿ ಭಾನುವಾರ ನಡೆದುಕೊಂಡು ಬಂದಿದೆ. ಅಪ್ಪ ಅವರನ್ನು ಅಳಿಯ ಅನ್ನುವುದಿಲ್ಲ, "ಲಿಫ್ಟಿನವರೇ" ಅನ್ನುತ್ತಾರೆ. ಅವರು ಮಾವ ಅನ್ನುವುದಿಲ್ಲ, "ಯಜಮಾನ್ರೇ" ಅನ್ನುತ್ತಾರೆ.

ಇವತ್ತಿನ ಸಂಭಾಷಣೆಯನ್ನು ಬರೆದಿಡುತ್ತೇನೆ. ಮುಂದೆ ಯಾರಾದರೂ ಈ ಕಾಲದ ಹೇಡಿತನದ ಬಗ್ಗೆ ಅಧ್ಯಯನ ಮಾಡಿದರೆ ಬೇಕಾಗುತ್ತದೆ.

"ಲಿಫ್ಟಿನವರೇ, ಎಡಗಡೇದು ಮತ್ತೆ ಹೋಯ್ತು."

"ಹೋದ ವಾರ ತಾನೇ ಸರಿ ಮಾಡಿದ್ನಲ್ಲ ಯಜಮಾನ್ರೇ."

"ಶುಕ್ರವಾರದವರೆಗೂ ಹಾಡ್ತಿತ್ತು. ನಿನ್ನೆ ಒರೆಸಿದೆ, ಆಮೇಲೆ ಇಲ್ಲ."

"ಒರೆಸ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ."

"ಧೂಳು ಕೂತಿರೋದನ್ನ ನೋಡ್ಕೊಂಡು ಇರೋಕಾಗುತ್ತೇನ್ರೀ?"

ಭಾವ ದನಿಯ ಗುಂಡಿಯಿರುವ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿಕೊಂಡು ಒಳಗೆ ತಲೆ ತೂರಿಸಿ ಅಲ್ಲಿಂದಲೇ ಅಂದರು: "ಮನೇಲಿ ಸ್ವಲ್ಪ ಕಾಲು ಊದ್ಕೊಂಡಿದೆ. ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದಿದಾರೆ."

"ಆ ಕೆಂಪು ವೈರು ಗಟ್ಟಿಯಾಗಿದೆಯಾ ನೋಡಿ" ಅಂದರು ಅಪ್ಪ. ಭಾವ ನೋಡಿದರು. ಅಪ್ಪನೂ ಬಗ್ಗಿ ನೋಡಿದರು. "ಕಾಲನ್ನ ಎತ್ತರಕ್ಕೆ ಇಟ್ಕೊಂಡು ಮಲಗ್ಬೇಕು" ಎಂದು ಆ ವೈರಿಗೆ ಹೇಳಿದರು.

ಅಕ್ಕ ಬಸುರಿ ಅನ್ನುವುದು ನನಗೆ ಗೊತ್ತಾದದ್ದೂ ಅದೇ ಪೆಟ್ಟಿಗೆಯ ಹಿಂಭಾಗದಿಂದ. ಮನುಷ್ಯರಾ ಇವರು?

ಆ ಪೆಟ್ಟಿಗೆಯ ಹೆಸರು ಪ್ರೀಆಂಪ್. ಇದರ ಬಗ್ಗೆ ನಾನು ಓದಿದ್ದೇನೆ. ಒಂದು ಕಡೆ ಹಾಡುವ ಯಂತ್ರಗಳಿವೆ, ಸಿ.ಡಿ. ಪ್ಲೇಯರು, ರೆಕಾರ್ಡ್ ಪ್ಲೇಯರು. ಇನ್ನೊಂದು ಕಡೆ ಸ್ಪೀಕರನ್ನು ದುಡಿಸುವ ಪವರ್ ಆಂಪ್. ಪ್ರೀಆಂಪ್ ಇವೆರಡರ ನಡುವೆ ಕೂತಿರುತ್ತದೆ. ಅದು ತಾನಾಗಿ ಹಾಡುವುದಿಲ್ಲ, ಸ್ಪೀಕರನ್ನು ಅಲುಗಿಸುವ ಶಕ್ತಿಯೂ ಅದಕ್ಕಿಲ್ಲ. ಯಾರು ಹಾಡಬೇಕು, ಎಷ್ಟು ಜೋರಾಗಿ ಹಾಡಬೇಕು ಎಂದು ಅಪ್ಪಣೆ ಕೊಡುವುದಷ್ಟೇ ಅದರ ಕಸುಬು. ಅಪ್ಪಟ ದಲ್ಲಾಳಿ. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಕಳೆದ ತಿಂಗಳು ಮಡಿಸಿದ ಕರಪತ್ರದ ಮೊದಲ ಸಾಲೇ ಇದು: 'ನಡುವೆ ಕೂತವರನ್ನು ಎಬ್ಬಿಸಿದ ದಿನ ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.' ನಾನು ಅದನ್ನು ಮಡಿಸುತ್ತಲೇ ಬಾಯಿಪಾಠ ಮಾಡಿದ್ದೆ.

ಕ್ರಾಂತಿ ಮನೆಯಿಂದಲೇ ಶುರುವಾಗಲಿ.

ಜೂನ್ 5, ಗುರುವಾರ

ಸಿಕ್ಕಿತು! ಪ್ರೆಸ್ಸಿನ ಪಕ್ಕದ ಸೌಂಡ್ ಅಂಗಡಿಯಲ್ಲಿ ಹಳೆಯ ಡ್ಯಾಕ್ ಒಂದಿದೆ. ಸಿ.ಡಿ.ಯಲ್ಲಿರುವುದು ಬರೀ ಅಂಕಿಗಳು. ಆ ಅಂಕಿಗಳನ್ನು ದನಿಯನ್ನಾಗಿ ಮಾಡುವ ಯಂತ್ರ ಇದು. ಇದರಲ್ಲೇ ದನಿ ಏರಿಸಿ ಇಳಿಸುವ ವ್ಯವಸ್ಥೆಯೂ ಇದೆ. ಅಂದಮೇಲೆ ಇದರ ತಂತಿಯನ್ನು ಸೀದಾ ಪವರ್ ಆಂಪಿಗೆ ಚುಚ್ಚಿದರೆ ಮುಗಿಯಿತು, ಪ್ರೀಆಂಪಿನ ಹಂಗೇ ಇಲ್ಲ.

ಅಂಗಡಿಯವನು ಮೊದಲು ತಲೆ ಅಲ್ಲಾಡಿಸಿದ. "ಕೊಡಬಹುದು, ಕೊಡಬಾರದು ಅಂತೇನಿಲ್ಲ. ಆದ್ರೆ ರೆಕಾರ್ಡ್ ಪ್ಲೇಯರ್ ಎಲ್ಲಿಗೆ ಚುಚ್ತೀಯ? ಇದು ಅಂಕಿ ಬಿಟ್ರೆ ಬೇರೇನೂ ತಿನ್ನಲ್ಲ."

"ರೆಕಾರ್ಡನ್ನೆಲ್ಲ ಕಂಪ್ಯೂಟರಿಗೆ ಹಾಕ್ತೀನಿ."

"ಇನ್ನೊಂದು ವಿಷಯ. ಇದು ಹಳೇದು, ಕರೆಂಟು ಹೋಗಿ ಬಂದ್ರೆ ದನಿ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದು ಮರೆತುಬಿಡುತ್ತೆ. ಪೂರ್ತಿ ಗಂಟಲು ಬಿಟ್ಟು ಶುರು ಮಾಡುತ್ತೆ. ನಡುವೆ ತಡೆಯೋಕೆ ಏನೂ ಇರಲ್ಲ, ನೋಡ್ಕೋ."

ನಡುವೆ ತಡೆಯಲು ಏನೂ ಇರಬಾರದು ಅನ್ನುವುದೇ ನನ್ನ ವಾದ. ಅಪ್ಪನ ಪ್ರೀಆಂಪನ್ನು ಅವನಿಗೇ ಕೊಟ್ಟು ಇದನ್ನು ತರುವುದೆಂದು ಮಾತಾಯಿತು. ಅಪ್ಪನಿಗೆ ಹೇಳಿಲ್ಲ. ಕೇಳಿಸಿಕೊಂಡ ಮೇಲೆ ಅವರೇ ಒಪ್ಪುತ್ತಾರೆ.

ಜೂನ್ 8, ಭಾನುವಾರ

ಅಪ್ಪ ನಿನ್ನೆ ಸಂಜೆ ಕೆಳಗೆ ಗಿರಾಕಿಯ ಜೊತೆ ಇದ್ದಾಗ ಕೆಲಸ ಮುಗಿಸಿದೆ. ಇವತ್ತು ಭಾವ ಬಂದ ಮೇಲೆ ಉದ್ಘಾಟನೆ. ಎಂದಿನಂತೆ ಅವರ ಜೇಬಿನಲ್ಲಿ ಸ್ಪಿರಿಟ್ ಬಾಟಲಿ, ಕೈಯಲ್ಲಿ ಹತ್ತಿ, ಕಂಕುಳಲ್ಲಿ ಎಲ್ಲಿಂದಲೋ ಹುಡುಕಿ ತಂದ ಒಂದು ರೆಕಾರ್ಡು.

"ಇದೇನು, ಪೆಟ್ಟಿಗೆ ಎಲ್ಲಿ?"

"ತೆಗೆದುಬಿಟ್ಟೆ ಭಾವ. ಇನ್ನು ಅದರ ಕಾಟ ಇಲ್ಲ. ಕೂತ್ಕೊಂಡು ಕೇಳಿ."

ಕೇಳಿಸಿದೆ. ಎಂಥ ದನಿ! ಕಿಟಕಿ ಗಾಜಿನ ಕೊಳೆ ತೊಳೆದ ಹಾಗೆ. ಕರಕರ ಇಲ್ಲ, ಗುಂಯ್ ಅನ್ನುವುದಿಲ್ಲ. ಹಾಡುವವಳು ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ.

"ಎಡಗಡೇದು?" ಭಾವ ಕೇಳಿದರು.

"ಎರಡೂ ಕಡೆ. ಇನ್ನು ಹೋಗೋದೇ ಇಲ್ಲ."

"ಹೋಗೋದೇ ಇಲ್ವಾ?" ಅಂದರು ಅಪ್ಪ.

"ಯಾಕೆ ಹೋಗುತ್ತೆ? ಹೋಗೋ ಸಾಮಾನೇ ಇಲ್ಲವಲ್ಲ ನಡುವೆ."

"ಕರಪತ್ರ ಸಾಹೇಬ್ರು ಒಳ್ಳೇ ಕೆಲಸ ಮಾಡಿದಾರೆ" ಎಂದು ಭಾವ ಹೊಗಳಿದರು. ಕರಪತ್ರ ಅಂದರೆ ನಾನು. ಅಕ್ಕ ಇಟ್ಟ ಹೆಸರು, ಮನೆಗೆಲ್ಲ ಹಬ್ಬಿದೆ. ರೆಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇದಕ್ಕೆ ಜಾಗ ಇಲ್ಲ ಅನ್ನಿ" ಅಂದರು. ಮುಂದೆ ವ್ಯವಸ್ಥೆ ಮಾಡುತ್ತೇನೆಂದೆ.

ಇಬ್ಬರೂ ಪಕ್ಕಪಕ್ಕದ ಕುರ್ಚಿಗಳಲ್ಲಿ, ಬಸ್ಸಿನಲ್ಲಿ ಕೂತವರ ಹಾಗೆ, ಎದುರಿಗೇ ನೋಡುತ್ತ ಕೂತರು. ಭಾವ ಒಂದು ಸಲ ಗಂಟಲು ಸರಿಮಾಡಿಕೊಂಡರು. ಅಪ್ಪ ತಿರುಗಿ ನೋಡಿದರು. ಭಾವ ಕೈಯಲ್ಲಿದ್ದ ಹತ್ತಿಯನ್ನು ಜೇಬಿಗೆ ಹಾಕಿಕೊಂಡರು. ಅಪ್ಪ ಹೊಸ ಯಂತ್ರದ ಹತ್ತಿರ ಹೋಗಿ ಹಿಂದೆ ಮುಂದೆ ನೋಡಿ, ಬಿಚ್ಚುವಂಥ ಸ್ಕ್ರೂ ಎಲ್ಲೂ ಕಾಣದೆ ಬಂದು ಕೂತರು. ಎರಡು ಹಾಡು ಮುಗಿಯುವವರೆಗೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಶುದ್ಧವಾದ ದನಿಯ ಮುಂದೆ ಮಾತು ಯಾರಿಗೆ ಬೇಕು?

"ಬರ್ತೀನಿ ಯಜಮಾನ್ರೇ."

"ಇಷ್ಟು ಬೇಗ?"

"ಇನ್ನೇನು ಕೆಲಸ ಇಲ್ಲವಲ್ಲ."

ಅಪ್ಪ ನನ್ನನ್ನು ಕೇಳಿದ್ದು ಒಂದೇ: ಆ ಹಳೇದು ಎಲ್ಲಿ? ಅಂಗಡಿಗೆ ಕೊಟ್ಟೆ ಅಂದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ನನ್ನ ಮೊದಲ ಗೆಲುವು!

ಜೂನ್ 15, ಭಾನುವಾರ

ಭಾವ ಬರಲಿಲ್ಲ. ಯಾವುದೋ ಆಸ್ಪತ್ರೆಯ ಲಿಫ್ಟು ಕೆಟ್ಟಿದೆಯಂತೆ. ಅಪ್ಪ ಗಡ್ಡ ತೆಗೆದು ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದರು. ಹಾಡು ಹಾಕಲೇ ಅಂದೆ. "ಅವರು ಬರ್ಲಿ" ಅಂದರು. ಬರುವುದಿಲ್ಲ ಅಂತ ಫೋನ್ ಬಂದಿದೆ ಎಂದು ಹೇಳಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

'ನೇರ' ಎಂಬ ಹೆಸರಿನಲ್ಲಿ ನಾನೇ ಒಂದು ಕರಪತ್ರ ಬರೆಯಲು ಶುರು ಮಾಡಿದ್ದೇನೆ. ನಾಲ್ಕು ಪುಟ ಆಗಬಹುದು. ಪ್ರೆಸ್ಸಿನ ಮಾಲೀಕರು, ನಾವೆಲ್ಲ ಮಸಿಯಣ್ಣ ಅನ್ನುತ್ತೇವೆ, ಉಳಿದ ಕಾಗದದಲ್ಲಿ ಹೊಡೆದುಕೊಡುತ್ತೇನೆ ಅಂದಿದ್ದಾರೆ. "ಯಾರು ಓದ್ತಾರೋ?" ಎಂದೂ ಕೇಳಿದರು. ಓದುವವರು ಇದ್ದಾರೆ.

ಜೂನ್ 17, ಮಂಗಳವಾರ

ಮಧ್ಯಾಹ್ನ ಕರೆಂಟು ಹೋಗಿ ಬಂತು. ನಾನು ಪ್ರೆಸ್ಸಿನಲ್ಲಿದ್ದೆ. ಅಪ್ಪ ಒಬ್ಬರೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದರಂತೆ. ಕರೆಂಟು ಬಂದ ಕೂಡಲೇ ಯಂತ್ರ ಪೂರ್ತಿ ದನಿಯಲ್ಲಿ ಅರಚಿದೆ. ಎದುರು ಕಟ್ಟಡದವರೆಲ್ಲ ಕಿಟಕಿಗೆ ಬಂದರಂತೆ. ಗುಂಡಿ ಇದೆ ಅಂದುಕೊಂಡು ಅಪ್ಪ ಹಳೆಯ ಪೆಟ್ಟಿಗೆ ಇದ್ದ ಜಾಗದಲ್ಲಿ ಕೈಯಾಡಿಸಿದ್ದಾರೆ. ಅಲ್ಲಿ ಏನೂ ಇಲ್ಲ. ಕೊನೆಗೆ ಗೋಡೆಯ ಪ್ಲಗ್ಗನ್ನೇ ಕಿತ್ತಿದ್ದಾರೆ.

ಇದು ಯಂತ್ರದ ತಪ್ಪಲ್ಲ, ವಿದ್ಯುತ್ ಇಲಾಖೆಯ ತಪ್ಪು. ಅಪ್ಪನಿಗೆ ಬಿಡಿಸಿ ಹೇಳಿದೆ. "ಇನ್ಮೇಲೆ ನೀನಿದ್ದಾಗ ಹಾಕು" ಅಂದರು. ಬಲಕಿವಿಯಲ್ಲಿ ಇನ್ನೂ ಕುಯ್ಯೋ ಅನ್ನುತ್ತಿದೆಯಂತೆ.

ಜೂನ್ 22, ಭಾನುವಾರ

ಇವತ್ತೂ ಭಾವ ಇಲ್ಲ. ಈ ಸಲ ಫೋನೂ ಇಲ್ಲ.

"ಲಿಫ್ಟಿನವರಿಗೆ ಹುಷಾರಿಲ್ವಾ?" ಅಂದರು ಅಪ್ಪ.

"ನೀವೇ ಫೋನ್ ಮಾಡಿ ಕೇಳಿ."

ಅಪ್ಪ ಫೋನನ್ನು ಒರೆಸಿ ಇಟ್ಟರು. ಹಾಡು ಹಾಕಿದೆ. ಮೆಲ್ಲಗೆ ಸಾಕು ಅಂದರು, ಮೆಲ್ಲಗೆ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ, "ಏನೋ ತೆಳ್ಳಗಾಗಿದೆ ಕಣೋ. ಹಾಡು ಇದೆ, ಅದರ ಮೈ ಇಲ್ಲ" ಅಂದರು. ಇದಕ್ಕೆ ಕಾರಣವಿದೆ, ನಾನು ಓದಿದ್ದೇನೆ: ಡ್ಯಾಕಿನಲ್ಲಿ ದನಿ ತೀರ ಇಳಿಸಿದರೆ ಅಂಕಿಗಳ ತುದಿ ಕತ್ತರಿಸಿ ಹೋಗುತ್ತದೆ, ಸಣ್ಣಸಣ್ಣ ಸ್ವರಗಳು ಮೊದಲು ಸಾಯುತ್ತವೆ. ಜೋರಾಗಿ ಕೇಳಿದರೆ ಆ ತೊಂದರೆ ಇಲ್ಲ. ಹಾಗೆಂದು ಹೇಳಿದೆ. "ಎಲ್ಲಾನೂ ಜೋರಾಗಿ ಕೇಳೋಕಾಗುತ್ತಾ?" ಎಂದು ಎದ್ದು ಕೆಳಗಿನ ಅಂಗಡಿಗೆ ಹೋದರು. ಭಾನುವಾರ ಅವರು ಅಂಗಡಿ ತೆಗೆದದ್ದು ನಾನು ಇದೇ ಮೊದಲು ನೋಡಿದ್ದು.

ಕರಪತ್ರದ ಎರಡನೇ ಪುಟ ಮುಗಿದಿದೆ.

ಜೂನ್ 25, ಬುಧವಾರ

ಅಕ್ಕನ ಮನೆಗೆ ಹೋಗಿದ್ದೆ. ಮೂರನೇ ಮಹಡಿ, ಲಿಫ್ಟಿಲ್ಲ. ಅವಳು ಮಂಚದ ಮೇಲೆ ಮಲಗಿದ್ದಳು. ಆರನೇ ತಿಂಗಳು. ಎದ್ದು ಓಡಾಡಬಾರದು ಎಂದು ಡಾಕ್ಟರು ಹೇಳಿ ಎರಡು ವಾರವಾಯಿತಂತೆ. ಕಾಲಿನ ಕಡೆ ಮಂಚದ ಕೆಳಗೆ ಇಟ್ಟಿಗೆ ಇಟ್ಟಿದ್ದರು.

"ಬಾರೋ ಕರಪತ್ರ. ಕ್ರಾಂತಿ ಮುಗೀತಾ, ದಾರಿ ತಪ್ಪಿ ಈ ಕಡೆ ಬಂದೆ?"

"ಇದೇನೇ ಇಟ್ಟಿಗೆ?"

"ಅಪ್ಪ ಹೇಳಿದ್ದು."

"ನಿನಗೆ ಹೇಳಿದ್ರಾ?"

"ನನಗ್ಯಾಕೆ ಹೇಳ್ತಾರೆ? ಯಾವುದೋ ವೈರಿಗೆ ಹೇಳಿದ್ರಂತೆ." ನಗುತ್ತಿದ್ದಳು. ಮುಖ ಊದಿಕೊಂಡಿತ್ತು, ತುಟಿ ಬೆಳ್ಳಗಾಗಿತ್ತು.

"ಭಾವ ಯಾಕೆ ಬರ್ತಿಲ್ಲ?"

"ಬಂದು ಏನು ಮಾಡ್ಬೇಕು? ನೀನೇ ಎಲ್ಲ ಸರಿ ಮಾಡಿಟ್ಟಿದೀಯಂತಲ್ಲ."

"ಸುಮ್ನೆ ಬಂದು ಕೂರಬಹುದಲ್ಲ."

ಅವಳ ನಗು ಹೋಯಿತು. "ಸುಮ್ನೆ ಬಂದು ಕೂರೋಕೆ ಆ ಮನೇಲಿ ಅವರು ಅಳಿಯ ಏನೋ? ರಿಪೇರಿಗೆ ಬರೋ ಮೆಕ್ಯಾನಿಕ್ಕು. ರಿಪೇರಿ ಇಲ್ಲ ಅಂದ್ರೆ ಯಾವ ಮುಖ ಇಟ್ಕೊಂಡು ಬರ್ತಾರೆ? ಹದಿನಾರು ಮಹಡಿ ಲಿಫ್ಟನ್ನ ಹಿಡಿದು ನಿಲ್ಸೋ ಮನುಷ್ಯನಿಗೆ ಒಂದು ಗುಂಡಿ ಸರಿ ಮಾಡೋಕೆ ಎರಡು ವರ್ಷ ಬೇಕೇನೋ ದಡ್ಡ?"

"ಅಂದ್ರೆ ಬೇಕಂತಲೇ ಪೂರ್ತಿ ಸರಿ ಮಾಡ್ತಿರಲಿಲ್ವಾ?"

"ಅವರೊಬ್ಬರೇ ಅಂತ ಯಾಕಂದ್ಕೋತೀಯ? ಶನಿವಾರ ಸಂಜೆ ಒರೆಸ್ತಿದ್ದೋರು ಯಾರು?"

ನನಗೆ ಮೈ ಉರಿಯಿತು. ಎರಡು ವರ್ಷ ಇಬ್ಬರು ದೊಡ್ಡವರು ಒಂದು ವೈರು ಕಿತ್ತು, ಒಂದು ವೈರು ಸೇರಿಸಿ ನಾಟಕ ಆಡಿದ್ದಾರೆ! ಒಂದೇ ಒಂದು ವಾಕ್ಯಕ್ಕೆ ಧೈರ್ಯವಿಲ್ಲದೆ. ನಾಟಕ ಅಂತಲೇ ಅಕ್ಕನಿಗೂ ಅಂದೆ.

"ನಾಟಕವೇ ಇರ್ಲಿ. ನನಗೆ ಅಪ್ಪ ಅಂತ ಇದ್ದದ್ದು ಅದೊಂದೇ" ಅಂದಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡು, "ಮಗು ಹುಟ್ಟೋದರೊಳಗೆ ಒಂದು ಸಲ ಅವರು ಬಂದು ನೋಡಿದ್ರೆ ಸಾಕಿತ್ತು. ಏನೂ ಮಾತಾಡೋದೂ ಬೇಡ" ಅಂದಳು.

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ಅವಳಿಗೆ ಅಪ್ಪ ಬೇಕು. ಅಪ್ಪನಿಗೆ ಅವಳು ಬೇಕು. ಎರಡರ ನಡುವಿನ ದಾರಿ ಮೂರು ಬೀದಿ, ಮೂರು ಮಹಡಿ. ಸುತ್ತಿ ಬಳಸುವುದು ಸಾಕು. ಭಾನುವಾರ ನಾನೇ ಸೇರಿಸುತ್ತೇನೆ.

ಜೂನ್ 29, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಾಸಿಗೆಯಿಂದ ಏಳಲಾಗದ ಗಿರಾಕಿಯೊಬ್ಬರಿದ್ದಾರೆ, ಮನೆಗೇ ಹೋಗಿ ಕಣ್ಣು ನೋಡಬೇಕು ಎಂದು ಅಪ್ಪನಿಗೆ ಹೇಳಿದೆ. ಒಳ್ಳೆಯದಕ್ಕಾಗಿ ಹೇಳಿದ ಸುಳ್ಳು, ಪೂರ್ತಿ ಸುಳ್ಳೂ ಅಲ್ಲ. ಅಕ್ಕನಿಗೂ ಭಾವನಿಗೂ ತಿಳಿಸಲಿಲ್ಲ. ತಿಳಿಸಿದರೆ ಮತ್ತೆ ಮುಚ್ಚುಮರೆ ಶುರುವಾಗುತ್ತದೆ. ಭಾವ ಕೆಲಸಕ್ಕೆ ಹೋಗಿದ್ದರು.

ಅಪ್ಪ ಗಾಜುಗಳ ಪೆಟ್ಟಿಗೆ ಹಿಡಿದುಕೊಂಡು, ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡು ಹತ್ತಿದರು. ಬಾಗಿಲು ನೂಕಿದೆ. ಅಕ್ಕ ಕೂದಲು ಬಿಚ್ಚಿಕೊಂಡು ಮಲಗಿದ್ದಳು. ಅಪ್ಪನನ್ನು ಕಂಡು ಹೊದಿಕೆ ಎಳೆದುಕೊಂಡಳು.

ಅಪ್ಪ ನನ್ನ ಕಡೆ ತಿರುಗಿದರು. "ಇಲ್ಲಿಗೆ ಕರ್ಕೊಂಡು ಬರೋಕೆ ಗಿರಾಕಿ ಅಂದ್ಯಾ?"

"ಈಗ ಮಾತಾಡಿ" ಅಂದೆ. "ನಡುವೆ ಯಾರೂ ಇಲ್ಲ."

ಅಪ್ಪ ಅವಳ ಕಾಲುಗಳನ್ನು ನೋಡಿದರು, ಇಟ್ಟಿಗೆಗಳನ್ನು ನೋಡಿದರು. ಬಾಯಿ ತೆರೆದು ಅಂದದ್ದು ಇದು: "ಹೀಗೆ ಬಿದ್ಕೊಂಡಿರೋಕಾ ಬೀಗದಕೈ ಇಟ್ಟು ಹೋಗಿದ್ದು?"

"ಇಟ್ಟು ಹೋಗು ಅಂದೋರು ಯಾರು?"

"ಕೇಳದೆ ಮದುವೆ ಆದೋರು ಯಾರು?"

"ಮೂರು ವರ್ಷ ಅಪ್ಪ. ಒಂದು ಸಲ ಈ ಮೆಟ್ಟಿಲು ಹತ್ತೋಕಾಗ್ಲಿಲ್ಲ ನಿಮಗೆ. ಈಗಲೂ ನಿಮ್ಮನ್ನ ಮೋಸ ಮಾಡಿ ಹತ್ತಿಸ್ಬೇಕಾಯ್ತು!"

"ನೀನು ಕರೆದ್ಯಾ?"

"ಅವರನ್ನ ಪ್ರತಿ ವಾರ ಕಳಿಸ್ತಿದ್ನಲ್ಲ, ಅದು ಕರೆದ ಹಾಗಲ್ವಾ? ನನ್ನ ಗಂಡನ್ನ ಆಳಿನ ಥರ ಬಗ್ಗಿಸಿ ಕೂರಿಸ್ಕೊಂಡ್ರಿ. ಒಂದು ದಿನ ಅಳಿಯ ಅನ್ಲಿಲ್ಲ."

"ನಾನು ಕರೆದಿದ್ನಾ ಅವನನ್ನ? ತಾನಾಗಿ ಬಂದ" ಅಂದರು ಅಪ್ಪ.

ಅವಳು ಎದ್ದು ಕೂತಳು. ಏಳಬೇಡ ಅಂದೆ, ಕೇಳಿಸಲಿಲ್ಲ. "ಹಾಗಾದ್ರೆ ಈ ಮಗೂನೂ ನೀವು ಕರೆದಿಲ್ಲ. ಇದರ ಮುಖ ನೋಡೋಕೆ ಬರಬೇಡಿ!"

ಅಪ್ಪ ಹೊರಟುಬಿಟ್ಟರು. ಪೆಟ್ಟಿಗೆಯ ಕೊಂಡಿ ಸರಿಯಾಗಿ ಬಿದ್ದಿರಲಿಲ್ಲವೋ ಏನೋ, ಮೆಟ್ಟಿಲ ಮೇಲೆ ಬಾಯಿ ತೆರೆದುಕೊಂಡಿತು. ಗಾಜುಗಳು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದವು. ಮೇಲೆ ಅಕ್ಕ ಬಾಗಿಲವರೆಗೂ ನಡೆದು ಬಂದು ಇನ್ನೂ ಏನೋ ಕೂಗುತ್ತಿದ್ದಳು. ಅಪ್ಪ ತಿರುಗಿ ನೋಡದೆ ಇಳಿದರು. ನಾನು ಮಂಡಿಯೂರಿ ಗಾಜು ಆರಿಸಿದೆ.

ಕನಿಷ್ಠ ಇಬ್ಬರೂ ಮಾತಾಡಿದರು. ಅದೂ ಒಂದು ಆರಂಭವೇ.

ಜುಲೈ 2, ಬುಧವಾರ

ಮಗು ಹೋಯಿತು. ನಿನ್ನೆ ಬೆಳಿಗ್ಗೆ. ಹೆಣ್ಣು.

ಮೊದಲಿನಿಂದಲೂ ಒಳಗೆ ತೊಂದರೆ ಇತ್ತು, ಎದ್ದು ಓಡಾಡಿದ್ದರಿಂದ ಆದದ್ದಲ್ಲ ಎಂದು ಡಾಕ್ಟರು ಹೇಳಿದರು. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು. ಮೂರನೆಯ ಸಲ ಕೇಳಲು ಹೋದಾಗ ಭಾವ ನನ್ನ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 3, ಗುರುವಾರ

ಅಪ್ಪನಿಗೆ ಹೇಳಬೇಕಿತ್ತು. ಅಂಗಡಿಯಲ್ಲಿ ಒಬ್ಬ ಹೆಂಗಸು ಫ್ರೇಮು ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು. ಅದು ಬೇಡ, ಇದು ಬೇಡ ಅನ್ನುತ್ತಿದ್ದಳು. ಅವಳು ಹೋಗುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಶಟರ್ ಅರ್ಧ ಎಳೆದೆ. ಹೇಗೆ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ. "ಅಕ್ಕ ಚೆನ್ನಾಗಿದಾಳೆ" ಎಂದು ಮೊದಲು ಹೇಳಿದೆ. ಆಮೇಲೆ ಉಳಿದದ್ದು.

ಅಪ್ಪ ಏನೂ ಅನ್ನಲಿಲ್ಲ. ಒರೆಸುತ್ತಿದ್ದ ಗಾಜನ್ನೇ ಒರೆಸುತ್ತಿದ್ದರು.

ಜುಲೈ 6, ಭಾನುವಾರ

ಸೌಂಡ್ ಅಂಗಡಿಯವನ ಮನೆ ಹುಡುಕಿಕೊಂಡು ಹೋದೆ. ಅಪ್ಪನ ಪ್ರೀಆಂಪನ್ನು ಬಂದ ವಾರವೇ ಬಿಚ್ಚಿ ಬಿಡಿಭಾಗ ಮಾಡಿದ್ದಾನೆ. ಗುಂಡಿ ಒಂದು ಕಡೆ ಹೋಗಿದೆ, ಟ್ರಾನ್ಸ್‌ಫಾರ್ಮರ್ ಇನ್ನೊಂದು ಕಡೆ. ಬೇರೆಯದು ಕೊಡುತ್ತೇನೆ, ಹೊಸದರಂತಿದೆ, ಕೆಡುವುದೇ ಇಲ್ಲ ಅಂದ. ಬೇಡ ಅಂದೆ.

ಮನೆಯಲ್ಲಿ ಯಾರೂ ಹಾಡು ಹಾಕುವುದಿಲ್ಲ.

ಜುಲೈ 10, ಗುರುವಾರ

ಅಕ್ಕನನ್ನು ಆಸ್ಪತ್ರೆಯಿಂದ ಅವಳ ಮನೆಗೆ ಕರೆದುಕೊಂಡು ಬಂದಿದ್ದಾರೆ. ನಾನು ಹೋದರೆ ಮಲಗಿದ್ದಾಳೆ ಅನ್ನುತ್ತಾರೆ ಭಾವ. ಒಳಗಿನಿಂದ ಕೆಮ್ಮಿದ್ದು ಕೇಳುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆದೆ. ಭಾವನಿಗೆ ಪಾತ್ರೆ ತೊಳೆಯಲು ಬರುವುದಿಲ್ಲ, ತಳದಲ್ಲೆಲ್ಲ ಹಿಡಿದಿರುತ್ತದೆ.

ಸಂಜೆ ಅಂಗಡಿಯಲ್ಲಿ ಅಪ್ಪ ಫ್ರೇಮುಗಳನ್ನು ಜೋಡಿಸುತ್ತಿದ್ದರು. ನಾನೂ ಜೋಡಿಸಿದೆ. "ಇವತ್ತು ಎರಡು ತುತ್ತು ಹೋಯ್ತಂತೆ" ಅಂದೆ, ಕೈಯಲ್ಲಿದ್ದ ಫ್ರೇಮು ನೋಡುತ್ತ.

"ಆ ಸಾಲು ಸೊಟ್ಟಗಿದೆ" ಅಂದರು ಅಪ್ಪ. ನೆಟ್ಟಗೆ ಮಾಡಿದೆ. "ಬೆನ್ನಿಗೆ ದಿಂಬು ಕೊಟ್ಟಿದಾರಾ?"

"ಕೊಟ್ಟಿದಾರೆ."

ನಾನು ನೋಡಿರಲಿಲ್ಲ. ನಾಳೆ ಒಂದು ದಿಂಬು ತೆಗೆದುಕೊಂಡು ಹೋಗಬೇಕು.

ಜುಲೈ 13, ಭಾನುವಾರ

ಅಕ್ಕ ಮಾತಾಡಿದಳು.

"ಯಾಕೆ ದಿನಾ ಬರ್ತೀಯ?"

"ಸುಮ್ನೆ."

"ಅವರು ಕಳಿಸಿದ್ರಾ?"

"ಇಲ್ಲ."

"ಅವರಿಗೆ ಹೇಳು. ಈಗ ನೆಮ್ಮದಿಯಾಗಿರ್ಲಿ ಅಂತ. ನೋಡೋಕೆ ಬರಬೇಕಾದ ಮುಖ ಇಲ್ಲ ಅಂತ."

ಮೂರು ಬೀದಿ ಉದ್ದಕ್ಕೂ ಆ ಮಾತನ್ನು ಹಿಡಿದುಕೊಂಡು ಬಂದೆ. ಅಪ್ಪ ಮೆಟ್ಟಿಲ ಕೆಳಗೇ ನಿಂತಿದ್ದರು, ಯಾವುದೋ ಕೆಲಸವಿದ್ದವರ ಹಾಗೆ.

"ನಿಮ್ಮ ಕಿವಿ ಹೇಗಿದೆ ಅಂತ ಕೇಳಿದ್ಲು" ಅಂದೆ.

"ಅವಳಿಗೆ ಯಾರು ಹೇಳಿದ್ರು ಕಿವಿ ವಿಷಯ?"

"ನಾನೇ."

ಅಪ್ಪ ಶಟರಿನ ಬೀಗವನ್ನು ಎಳೆದು ನೋಡಿದರು, ಹಾಕಿಯೇ ಇತ್ತು. "ಕಮ್ಮಿಯಾಗಿದೆ ಅನ್ನು" ಅಂದರು.

ಜುಲೈ 16, ಬುಧವಾರ

ಪ್ರೆಸ್ಸಿಗೆ ಹೊಸ ಕರಪತ್ರ ಬಂದಿದೆ, ಎರಡು ಸಾವಿರ ಪ್ರತಿ. ದಿನವೆಲ್ಲ ಮಡಿಸಿದೆ. ಮಸಿಯಣ್ಣ "ಏನು ಬರೆದಿದಾರೋ ಇದರಲ್ಲಿ?" ಎಂದು ಕೇಳಿದರು. ಓದಿರಲಿಲ್ಲ. "ನಿಂದು ಎಲ್ಲಿಗೆ ಬಂತು, ನೇರ?" ಅಂದರು. ಎರಡು ಪುಟ ಆಗಿದೆ ಅಂದೆ. ಬೇಗ ಹೊರಟೆ, ಅಕ್ಕನಿಗೆ ಮಾತ್ರೆ ತರಬೇಕಿತ್ತು.

ಜುಲೈ 20, ಭಾನುವಾರ

ಇವತ್ತು ಅಕ್ಕ ಎದ್ದು ಕಿಟಕಿಯ ಹತ್ತಿರ ಕೂತಿದ್ದಳು. ಭಾವ ಒಳಗೆ ಟೀ ಮಾಡುತ್ತಿದ್ದರು. ಅವಳ ಕಣ್ಣು ಎಲ್ಲೋ ಇತ್ತು, ಎಷ್ಟು ಮಾತಾಡಿಸಿದರೂ ಈ ಕಡೆಗೆ ಬರುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಪ್ಪ ಅತ್ರು" ಅಂದೆ. "ವಿಷಯ ಹೇಳಿದಾಗ. ನನ್ನದೇ ತಪ್ಪು, ನಾನು ಹಾಗೆ ಅನ್ನಬಾರದಿತ್ತು, ನನ್ನ ಮಗಳು ನನ್ನನ್ನ ಕ್ಷಮಿಸ್ತಾಳಾ ಅಂದ್ರು."

ಅವಳು ತಿರುಗಿ ನನ್ನನ್ನು ನೋಡಿದಳು.

"ಯಾವ ಕರಪತ್ರದಲ್ಲಿ ಓದಿದ್ಯೋ ಇದನ್ನ?"

"ನಿಜವಾಗ್ಲೂ—"

"ಅಪ್ಪ ಹಂಗೆಲ್ಲ ಮಾತಾಡೋರಲ್ಲ. ಅವರು ಏನಂದ್ರು ಅದನ್ನ ಹೇಳು."

"ಏನೂ ಅನ್ಲಿಲ್ಲ."

"ಏನೂ ಅಂದ್ರೆ?"

ಕಣ್ಣು ಮುಚ್ಚಿಕೊಂಡೆ. ಅರ್ಧ ಎಳೆದ ಶಟರು, ಗಾಜು, ಒರೆಸುವ ಬಟ್ಟೆ. ನಾನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. "ಹೂಂ ಅಂದ್ರು. ಅಷ್ಟೇ."

"ಎಂಥ ಹೂಂ?"

"ಎಂಥದ್ದು ಅಂದ್ರೆ? ಹೂಂ."

"ಹಂಗಲ್ಲ. ಅದು ಗಿರಾಕಿಗೆ ಹೇಳೋ ಹೂಂ. ಹತ್ತು ವರ್ಷ ಆ ಅಂಗಡೀಲಿ ಕೂತಿದೀನಿ ನಾನು. ನಿನಗೆ ಹೇಳಿದ್ದು ಎಷ್ಟು ಉದ್ದ ಇತ್ತು? ಸರಿಯಾಗಿ ಅನ್ನು."

ಮತ್ತೆ ಅಂದೆ. ಈ ಸಲ ತೀರ ದೊಡ್ಡದಾಯಿತು. ಅವಳು ತಲೆಯಾಡಿಸಿದಳು. ಭಾವ ಟೀ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ನಾನು ಆ ದಿನವನ್ನು ಮೊದಲಿನಿಂದ ನೆನೆದೆ. ಅದು ಎದೆಯಲ್ಲಿ ಶುರುವಾಗಿತ್ತು. ಮೇಲೆ ಬರುತ್ತ ಬರುತ್ತ ದಾರಿಯಲ್ಲೇ ಸಣ್ಣಗಾಗಿ, ಗಂಟಲಿಗೆ ಬರುವ ಮುಂಚೆ ನಿಂತುಹೋಗಿತ್ತು. ಬಾಯಿ ತೆರೆದಿರಲಿಲ್ಲ. ಸ್ವಲ್ಪ ಹೊತ್ತು ಉಸಿರೇ ಇರಲಿಲ್ಲ. ಆಮೇಲೆ ಮೂಗಿನಿಂದ ಒಂದೇ ಸಲ ಎಲ್ಲ ಉಸಿರೂ ಹೊರಗೆ ಬಂದಿತ್ತು, ಕೊನೆಯಲ್ಲಿ ಅದು ಎರಡು ಕಡೆ ಮುರಿದಿತ್ತು.

ಹಾಗೆಯೇ ಅಂದೆ.

ಅಕ್ಕ ಮೊಣಕೈಯಿಂದ ಕಣ್ಣು ಮುಚ್ಚಿಕೊಂಡಳು.

"ಇನ್ನೊಂದ್ಸಲ" ಅಂದಳು.

ಅಂದೆ.

"ಅಪ್ಪಾ" ಅಂದಳು. ನನಗೆ ಅಂದದ್ದಲ್ಲ. ನಾನು ಕದಲದೆ ಅಲ್ಲೇ ಕೂತಿದ್ದೆ.